ಕಡಲಿನ ರಹಸ್ಯವೋ, ಮನುಷ್ಯನ ಹೊಣೆಯೋ?

ಹಡಗೊಂದು ಬಂದರನ್ನು ಬಿಟ್ಟು ಹೊರಟು ಮತ್ತಾವ ಬಂದರನ್ನೂ ಸೇರದೆ ಹೋದರೆ, ವಿಮಾನವೊಂದು ಕಡಲಿನ ಮೇಲೆ ಹಾರುತ್ತಿರುವಾಗಲೇ ಸುದ್ದಿಯಿಲ್ಲದೆ ಅಡಗಿದರೆ, ಅದರ ಬೆನ್ನ ಹಿಂದೆಯೇ ಒಂದು ಕಥೆ ಹುಟ್ಟುತ್ತದೆ. ದೇಹ ದೊರೆಯದ ಮರಣವನ್ನು ಮನಸ್ಸು ಸುಲಭವಾಗಿ ನಂಬಲಾರದಾದುದರಿಂದ ಇದು ಸಹಜವೇ ಆಗಿದೆ. ಮನೆಯವರು ಬಾಗಿಲ ಕಡೆ ನೋಡುತ್ತ ಕುಳಿತಿರುವರು. ಎಲ್ಲಿಯೋ ಒಂದು ದ್ವೀಪದಲ್ಲಿ ಬದುಕಿರಬಹುದೆಂದು ನೆರೆಯವರು ಸಮಾಧಾನ ಹೇಳುವರು. ಆ ದುಃಖವನ್ನು ಹಳಿಯುವ ಅಧಿಕಾರ ಯಾರಿಗೂ ಇಲ್ಲ. ಆದರೆ ದುಃಖದಿಂದ ಹುಟ್ಟಿದ ಆ ಕಥೆಯು ಕ್ರಮೇಣ ಪೇಟೆಯ ಸರಕಾಗಿ, ಕೇಳಲೇಬೇಕಾದ ಪ್ರಶ್ನೆಗಳ ಮೇಲೆ ಮುಸುಕೆಳೆಯುವಂತಾದರೆ, ಅದನ್ನು ಕುರಿತು ಎರಡು ಮಾತು ಹೇಳುವುದು ಪತ್ರಿಕೆಯ ಕರ್ತವ್ಯವೆಂದು ನಾವು ತಿಳಿಯುತ್ತೇವೆ.

ಈ ಬಗೆಯ ಕಥೆಗಳಲ್ಲಿ ಜಗತ್ತಿಗೆಲ್ಲ ಪರಿಚಿತವಾದುದು ಬರ್ಮುಡಾ ತ್ರಿಕೋನದ ಕಥೆ. ಅಟ್ಲಾಂಟಿಕ್ ಸಾಗರದಲ್ಲಿ ಫ್ಲಾರಿಡಾ, ಬರ್ಮುಡಾ, ಪೋರ್ಟೊರಿಕೊ ಇವುಗಳನ್ನು ಕೂಡಿಸಿ ಎಳೆದ ಗೆರೆಗಳ ಒಳಗೆ ಹಡಗುಗಳೂ ವಿಮಾನಗಳೂ ಕಾರಣವಿಲ್ಲದೆ ಮಾಯವಾಗುತ್ತವೆಂಬುದು ಅದರ ಸಾರಾಂಶ. ಈ ಹೆಸರು ಬಹು ಪುರಾತನವೇನೂ ಅಲ್ಲ. 1964ರಲ್ಲಿ ವಿನ್ಸೆಂಟ್ ಗ್ಯಾಡಿಸ್ ಎಂಬ ಲೇಖಕನು ಅಮೆರಿಕದ ಪತ್ರಿಕೆಯೊಂದರಲ್ಲಿ ಅದನ್ನು ಬಳಕೆಗೆ ತಂದನು. 1974ರಲ್ಲಿ ಚಾರ್ಲ್ಸ್ ಬರ್ಲಿಟ್ಜ್ ಬರೆದ ಪುಸ್ತಕವು ಅದನ್ನು ದೇಶದೇಶಗಳಿಗೆ ಹರಡಿತು. ಮರುವರ್ಷವೇ, ಎಂದರೆ 1975ರಲ್ಲಿ, ಲಾರಿ ಕುಶೆ ಎಂಬ ಗ್ರಂಥಪಾಲಕನು ಒಂದೊಂದು ಪ್ರಸಂಗದ ಕಾಲದ ವೃತ್ತಪತ್ರಗಳನ್ನೂ ಹವಾಮಾನದ ದಾಖಲೆಗಳನ್ನೂ ತೆಗೆದು ನೋಡಿದನು. ಶಾಂತವಾದ ಕಡಲಿನಲ್ಲಿ ಮಾಯವಾದುವೆಂದು ಬರೆಯಲ್ಪಟ್ಟ ಹಡಗುಗಳಲ್ಲಿ ಹಲವು ಬಿರುಗಾಳಿಯಲ್ಲಿ ಮುಳುಗಿದ್ದುವು; ಕೆಲವು ಆ ತ್ರಿಕೋನದಿಂದ ಸಾವಿರಾರು ಮೈಲಿ ಆಚೆ ನಷ್ಟವಾದುವು; ಮತ್ತೆ ಕೆಲವು ಇದ್ದುವೆಂಬುದಕ್ಕೇ ಆಧಾರ ದೊರೆಯಲಿಲ್ಲ. ಅಮೆರಿಕದ ಕರಾವಳಿ ಕಾವಲು ಪಡೆಯೂ ಆ ಪ್ರದೇಶವನ್ನು ವಿಶೇಷ ಅಪಾಯದ ಸ್ಥಳವೆಂದು ಒಪ್ಪಿಲ್ಲ. ಸಂಚಾರ ಹೆಚ್ಚಾಗಿರುವ, ತೂಫಾನುಗಳು ಏಳುವ ಕಡಲಿನಲ್ಲಿ ಅಪಘಾತಗಳು ಆಗುತ್ತವೆಂಬುದಕ್ಕಿಂತ ಹೆಚ್ಚಿನ ರಹಸ್ಯ ಅಲ್ಲಿಲ್ಲ.

ಆ ಕಥೆಯ ಮೂಲಸ್ತಂಭವೆನಿಸಿದ ಪ್ರಸಂಗವನ್ನೇ ನೋಡೋಣ. 1945ರ ಡಿಸೆಂಬರ್ 5ರಂದು ಫ್ಲಾರಿಡಾದ ಫೋರ್ಟ್ ಲಾಡರ್‌ಡೇಲ್ ನೆಲೆಯಿಂದ ಅಭ್ಯಾಸಕ್ಕಾಗಿ ಹೊರಟ ಐದು ಅವೆಂಜರ್ ಯುದ್ಧವಿಮಾನಗಳು 14 ಜನರೊಡನೆ ಮರಳಲಿಲ್ಲ. ಅವುಗಳನ್ನು ಹುಡುಕಲು ಹೋದ ಮ್ಯಾರಿನರ್ ವಿಮಾನವೂ 13 ಜನರೊಡನೆ ನಾಶವಾಯಿತು. ತಂಡದ ನಾಯಕನು ತನ್ನ ದಿಕ್ಸೂಚಿಗಳು ಕೆಟ್ಟಿವೆಯೆಂದು ರೇಡಿಯೋದಲ್ಲಿ ಹೇಳಿದ್ದನು. ತಾನಿರುವ ಸ್ಥಳವನ್ನು ತಪ್ಪಾಗಿ ಎಣಿಸಿದ್ದನು. ಕತ್ತಲಾಯಿತು, ಹವೆ ಕೆಟ್ಟಿತು, ಇಂಧನ ಮುಗಿಯುತ್ತ ಬಂದಿತು, ಕೆಳಗೆ ಕಡಲು ಕೆರಳಿತ್ತು. ಮ್ಯಾರಿನರ್ ಹೊರಟ ಅರ್ಧ ಗಂಟೆಯೊಳಗಾಗಿ ತೈಲದ ಹಡಗೊಂದರ ನಾವಿಕರು ದೊಡ್ಡ ಉರಿಯನ್ನು ಕಂಡರು. ಮೊದಲಿನ ವಿಚಾರಣೆಯು ನಾಯಕನ ತಪ್ಪನ್ನು ಎತ್ತಿ ಹೇಳಿತು. ಮಗನ ಹೆಸರಿಗೆ ಅಂಟಿದ ಕಳಂಕವನ್ನು ತಾಯಿಯು ಸಹಿಸದೆ ಹೋರಾಡಲಾಗಿ, 1947ರಲ್ಲಿ ನೌಕಾಪಡೆಯು ‘ಕಾರಣ ತಿಳಿಯದು’ ಎಂದು ದಾಖಲೆಯನ್ನು ತಿದ್ದಿತು. ತಾಯಿಯೊಬ್ಬಳ ಮೊರೆಗೆ ಓಗೊಟ್ಟು ಬರೆದ ಆ ಎರಡು ಪದಗಳನ್ನೇ ಕಥೆಗಾರರು ಹಿಡಿದುಕೊಂಡು ಮಾಯೆಯ ಮಹಲನ್ನು ಕಟ್ಟಿದರು. ತಿಳಿಯದು ಎಂಬುದು ಬೇರೆ, ತಿಳಿಯಲಾಗದು ಎಂಬುದು ಬೇರೆ. ಈ ಎರಡನ್ನೂ ಒಂದಾಗಿಸುವುದೇ ಇಂಥ ಕಥೆಗಳ ಕಸಬು.

ಇದು ಪರದೇಶದ ವಿನೋದ, ನಮಗೇಕೆಂದು ವಾಚಕರು ಕೇಳಬಹುದು. ನಮ್ಮ ಪಡುಗಡಲಿಗೂ ಇಂಥ ಕಥೆ ಇಲ್ಲದಿಲ್ಲ. 1888ರ ನವೆಂಬರ್ 8ರಂದು ಕಚ್ಛದ ಮಾಂಡವಿಯಿಂದ ‘ವೈತರಣಾ’ ಎಂಬ ಉಗಿಹಡಗು ಮುಂಬಯಿಗೆ ಹೊರಟಿತು. ವಿದ್ಯುದ್ದೀಪಗಳಿದ್ದುದರಿಂದ ಜನರು ಅದನ್ನು ‘ವೀಜಳಿ’ ಎಂದು, ಮಿಂಚೆಂದು, ಕರೆಯುತ್ತಿದ್ದರು. ದ್ವಾರಕೆಯಲ್ಲಿ ಮತ್ತಷ್ಟು ಜನರನ್ನು ಹತ್ತಿಸಿಕೊಂಡು ಮುಂದುವರಿದ ಆ ಹಡಗು ಸೌರಾಷ್ಟ್ರದ ಕರೆಯ ಆಚೆ ಚಂಡಮಾರುತಕ್ಕೆ ಸಿಕ್ಕಿ 740ಕ್ಕೂ ಮಿಕ್ಕ ಜನರೊಡನೆ ಕಣ್ಮರೆಯಾಯಿತು. ಮದುವೆಯ ದಿಬ್ಬಣಗಳೂ ಪರೀಕ್ಷೆಗೆ ಹೊರಟ ವಿದ್ಯಾರ್ಥಿಗಳೂ ಅದರಲ್ಲಿದ್ದರೆಂದು ಹೇಳುತ್ತಾರೆ. ಕಪ್ತಾನ ಹಾಜಿ ಕಾಸಮನ ಹೆಸರು ಹಿಡಿದು ಗೋಳಾಡುವ ಹಾಡು ಗುಜರಾತಿನ ಮನೆಮನೆಗಳಲ್ಲಿ ಉಳಿಯಿತು. ಪೋರಬಂದರದ ಅಧಿಕಾರಿಯ ಎಚ್ಚರಿಕೆಯನ್ನು ಅವನು ಲೆಕ್ಕಿಸಲಿಲ್ಲವೆಂಬ ಐತಿಹ್ಯವೂ ಬೆಳೆಯಿತು. ವೈತರಣಾ ಎಂಬುದು ಮುಂಬಯಿಯ ಉತ್ತರಕ್ಕೆ ಹರಿಯುವ ಒಂದು ನದಿ. ಆದರೆ ಯಮಲೋಕದ ವೈತರಣಿಯನ್ನು ಬಲ್ಲ ನಮ್ಮ ಜನರಿಗೆ ಆ ಹೆಸರೇ ವಿಧಿಲಿಖಿತವಾಗಿ ತೋರಿದ್ದರೆ ಆಶ್ಚರ್ಯವಿಲ್ಲ.

ವಿಧಿಯನ್ನು ಬಿಟ್ಟು ಹಡಗಿನ ಕಡೆಗೆ ಕಣ್ಣು ಹಾಯಿಸಿದರೆ ಕಾಣುವುದೇನು? ದುರಂತದ ತರುವಾಯ ಮುಂಬಯಿ ಇಲಾಖೆಯ ಸರಕಾರವು ನಡೆಸಿದ ವಿಚಾರಣೆಯಲ್ಲಿ ರಕ್ಷಣೆಯ ದೋಣಿಗಳೂ ತೇಲುವ ಸಾಧನಗಳೂ ಸಾಲದಾಗಿದ್ದುವೆಂಬುದು ಹೊರಬಿದ್ದಿತು. ಧಾರವಾಡ, ಬೆಳಗಾವಿ, ಕಾರವಾರಗಳೂ ಅಂದು ಅದೇ ಇಲಾಖೆಯ ಆಳಿಕೆಗೆ ಒಳಪಟ್ಟಿದ್ದುವೆಂಬುದನ್ನು ನೆನೆಯಬೇಕು. ಇಂಗ್ಲೆಂಡಿನಲ್ಲಿಯೂ ಹಡಗುಗಳು ಮರಳದೆ ಹೋಗುತ್ತಿದ್ದುವು. ಅಲ್ಲಿ ಸ್ಯಾಮ್ಯುಯೆಲ್ ಪ್ಲಿಮ್‌ಸಾಲ್ ಎಂಬವನು ಪಾರ್ಲಿಮೆಂಟಿನಲ್ಲಿ ಎದ್ದು ನಿಂತು, ಕಡಲನ್ನು ದೂರದೆ, ಮಿತಿಮೀರಿ ಸರಕು ತುಂಬಿ ಜೀರ್ಣವಾದ ಹಡಗುಗಳನ್ನು ಸಾಗಿಸುವ ಒಡೆಯರನ್ನು ದೂರಿದನು. 1876ರಲ್ಲಿ ಹಡಗಿನ ಮೈಮೇಲೆ ಭಾರದ ಗೆರೆ ಎಳೆಯಬೇಕೆಂಬ ಕಾಯಿದೆ ಬಂದಿತು. ಪರಸತ್ತೆಯ ಕೆಳಗಿದ್ದ ನಮ್ಮವರಿಗೆ ಪ್ರಶ್ನೆ ಕೇಳಲು ಅಂಥ ಸಭೆಯೂ ಇರಲಿಲ್ಲ, ಉತ್ತರ ಹೇಳುವ ಆಳರಸರೂ ಇರಲಿಲ್ಲ. ಆದುದರಿಂದ ಅವರಿಗೆ ಉಳಿದುದು ಹಾಡೊಂದೇ. ಕೇಳುವ ಹಕ್ಕಿಲ್ಲದ ಜನರು ಹಾಡಿ ಅತ್ತರೆ ಅದು ತಪ್ಪಲ್ಲ. ಹಕ್ಕುಳ್ಳ ಜನರೂ ಹಾಡಿನಲ್ಲಿಯೇ ತೃಪ್ತರಾದರೆ ಮಾತ್ರ ಅದು ನಾಚಿಕೆಗೇಡು.

ಸ್ವರಾಜ್ಯದಲ್ಲಿಯೂ ಕಡಲು ನಮ್ಮವರನ್ನು ನುಂಗದೆ ಬಿಟ್ಟಿಲ್ಲ. 2016ರ ಜುಲೈ 22ರಂದು ತಾಂಬರಮ್‌ನಿಂದ ಅಂದಮಾನಿನ ಕಡೆಗೆ ಹೊರಟ ವಾಯುಪಡೆಯ ಆಂಟೊನೋವ್-32 ವಿಮಾನವು 29 ಜನರೊಡನೆ ಬಂಗಾಳ ಕೊಲ್ಲಿಯ ಮೇಲೆ ಕಾಣೆಯಾಯಿತು. ಹಡಗುಗಳೂ ವಿಮಾನಗಳೂ ವಾರಗಟ್ಟಲೆ ಹುಡುಕಿದರೂ ಸುಳಿವು ಸಿಕ್ಕಲಿಲ್ಲ. ಏಳು ವರ್ಷಗಳು ಕಳೆದ ಬಳಿಕ, ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆಯು ಆಳಕ್ಕೆ ಇಳಿಸಿದ ಸ್ವಯಂಚಾಲಿತ ಯಂತ್ರವು ಚೆನ್ನೈ ಕರೆಯಿಂದ ಸುಮಾರು 140 ನಾವಿಕ ಮೈಲಿ ದೂರದಲ್ಲಿ, 3,400 ಮೀಟರ್ ಕೆಳಗೆ, ಅದರ ಅವಶೇಷಗಳ ಚಿತ್ರಗಳನ್ನು ತಂದಿತು. 2024ರ ಜನವರಿಯಲ್ಲಿ ಸರಕಾರವು ಇದನ್ನು ಪ್ರಕಟಿಸಿತು. ವಿಮಾನವು ಮಾಯವಾಗಿರಲಿಲ್ಲ. ನಮ್ಮ ಕಣ್ಣು ತಲುಪದ ಆಳದಲ್ಲಿ ಮಲಗಿತ್ತು, ಅಷ್ಟೆ.

ನಮ್ಮ ಕನ್ನಡ ಕರಾವಳಿಯ ಮಾತಂತೂ ಇನ್ನೂ ಹತ್ತಿರದ್ದು. 2018ರ ಡಿಸೆಂಬರ್ 13ರಂದು ಮಲ್ಪೆಯಿಂದ ಮೀನುಗಾರಿಕೆಗೆ ಹೊರಟ ದೋಣಿಯೊಂದು ಉಡುಪಿ ಮತ್ತು ಉತ್ತರ ಕನ್ನಡ ಜಿಲ್ಲೆಗಳ ಏಳು ಜನರೊಡನೆ ಕಾಣೆಯಾಯಿತು. ಅದರ ಹೆಸರು ‘ಸುವರ್ಣ ತ್ರಿಭುಜ’. ಹೆಸರಿನಲ್ಲಿ ವಿಧಿಯನ್ನು ಹುಡುಕುವವರಿಗೆ ಇದಕ್ಕಿಂತ ಹೆಚ್ಚಿನದೇನು ಬೇಕು? ಅಪಹರಣವಾಯಿತೆಂದು ಕೆಲವರು ಹೇಳಿದರು. ಊರಿಗೊಂದು ಊಹೆ ಹಬ್ಬಿತು. ಆದರೆ ಮಲ್ಪೆಯ ಮೀನುಗಾರರು ಊಹೆಗಳಿಂದ ತೃಪ್ತರಾಗಲಿಲ್ಲ. 2019ರ ಜನವರಿಯಲ್ಲಿ ಸಾವಿರಾರು ಮಂದಿ ಹೆದ್ದಾರಿಗೆ ಇಳಿದು, ನಮ್ಮವರು ಎಲ್ಲಿ, ಹುಡುಕಿಕೊಡಿ ಎಂದು ಕೇಳಿದರು. ಮೇ ತಿಂಗಳ ಮೊದಲಲ್ಲಿ ನೌಕಾಪಡೆಯ ‘ನಿರೀಕ್ಷಕ’ ಹಡಗು ಮಹಾರಾಷ್ಟ್ರದ ಮಾಲವಣದಿಂದ ಸುಮಾರು 33 ಕಿಲೋಮೀಟರ್ ದೂರದ ಕಡಲತಳದಲ್ಲಿ, ಸುಮಾರು 60 ಮೀಟರ್ ಆಳದಲ್ಲಿ, ಆ ದೋಣಿಯನ್ನು ಪತ್ತೆ ಹಚ್ಚಿತು. ಏಳು ಜನರು ಮನೆಗೆ ಮರಳಲಿಲ್ಲ. ದೋಣಿ ಮುಳುಗಿದುದು ಹೇಗೆಂಬ ವಿವಾದವೂ ಅದರೊಡನೆ ಮುಳುಗಿ ಹೋಗಲಿಲ್ಲ. ಆದರೂ ಮೀನುಗಾರರು ಬೀದಿಗಿಳಿದು ಕೇಳಿದ ಪ್ರಶ್ನೆಗೆ ಅರ್ಧವಾದರೂ ಉತ್ತರ ಬಂದಿತೆಂಬುದನ್ನು ಮರೆಯಬಾರದು.

ಕಡಲಿನ ಎಲ್ಲ ಸಂಗತಿಗಳನ್ನೂ ಮನುಷ್ಯನು ಅರಿಯಬಲ್ಲನೇ ಎಂದು ಆಕ್ಷೇಪಿಸುವವರುಂಟು. ಇದರಲ್ಲಿ ಸತ್ಯಾಂಶವಿದೆ. 2014ರ ಮಾರ್ಚ್ 8ರಂದು ಕೌಲಾಲಂಪುರದಿಂದ ಬೀಜಿಂಗಿಗೆ ಹೊರಟ ಮಲೇಶಿಯಾದ ವಿಮಾನವು ಐವರು ಭಾರತೀಯರೂ ಸೇರಿ 239 ಜನರೊಡನೆ ಅಡಗಿತು. ಮರುವರ್ಷ ಅದರ ರೆಕ್ಕೆಯ ತುಂಡೊಂದು ರಿಯೂನಿಯನ್ ದ್ವೀಪದ ದಡಕ್ಕೆ ಬಂದು ಬಿದ್ದಿತು. 2018ರ ವಿಚಾರಣಾ ವರದಿಯು ನಿಜವಾದ ಕಾರಣವನ್ನು ನಿರ್ಣಯಿಸಲಾರೆವೆಂದು ಒಪ್ಪಿಕೊಂಡಿತು. ಆದರೆ ಆ ಒಪ್ಪಿಗೆಯ ನೆಪದಲ್ಲಿ ಲೋಕವು ಕೈಕಟ್ಟಿ ಕೂಡಲಿಲ್ಲ. ದೊಡ್ಡ ಪ್ರಯಾಣಿಕ ವಿಮಾನಗಳು ಸಾಗರದ ಮೇಲೆ 15 ನಿಮಿಷಕ್ಕೊಮ್ಮೆಯಾದರೂ ತಾವಿರುವ ಸ್ಥಳವನ್ನು ತಿಳಿಸಬೇಕೆಂಬ ಅಂತರರಾಷ್ಟ್ರೀಯ ನಿಯಮವು 2018ರ ನವೆಂಬರಿನಿಂದ ಜಾರಿಗೆ ಬಂದಿತು. ಪ್ರಾಮಾಣಿಕವಾದ ಅಜ್ಞಾನವು ಹೊಸ ನಿಯಮವನ್ನು ಹೆರುತ್ತದೆ. ರಹಸ್ಯದ ಮೋಹವು ಮತ್ತೊಂದು ಕಥೆಯನ್ನು ಮಾತ್ರ ಹೆರುತ್ತದೆ.

ಪತ್ತೆಯೆಂಬುದು ಬರಿಯ ಕುತೂಹಲದ ಮಾತೂ ಅಲ್ಲ. ಏಳು ವರ್ಷ ಸುದ್ದಿಯಿಲ್ಲದವನನ್ನು ಸತ್ತನೆಂದು ಭಾವಿಸಬಹುದೆಂಬ ನಿಯಮವು 1872ರ ಸಾಕ್ಷ್ಯ ಕಾಯಿದೆಯಲ್ಲಿತ್ತು. 2023ರ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿಯೂ ಅದು ಮುಂದುವರಿದಿದೆ. ಸಾಕ್ಷ್ಯವಿಲ್ಲದ ಕಡೆ ಮೀನುಗಾರನ ಹೆಂಡತಿಯು ಇತ್ತ ಸಧವೆಯೂ ಅಲ್ಲದೆ ಅತ್ತ ವಿಧವೆಯೂ ಅಲ್ಲದೆ ಕಚೇರಿಗಳ ಬಾಗಿಲಲ್ಲಿ ನಿಲ್ಲಬೇಕಾಗುತ್ತದೆ. ಯಾರೋ ರೋಮಾಂಚನಕ್ಕಾಗಿ ಓದುವ ರಹಸ್ಯವು ಅವಳಿಗೆ ಸಿಕ್ಕದೆ ಹೋದ ಪರಿಹಾರ, ತೀರದೆ ಉಳಿದ ಸಾಲ, ಮಾಡಲಾರದ ಉತ್ತರಕ್ರಿಯೆ.

ಇದನ್ನೆಲ್ಲ ಮನಗಂಡು ನಾವು ಕೇಳುವುದಿಷ್ಟು. ಕರಾವಳಿಯ ರಾಜ್ಯಗಳ ಒಂದು ಲಕ್ಷ ಮೀನುಗಾರಿಕೆ ದೋಣಿಗಳಿಗೆ ಉಪಗ್ರಹದ ಮೂಲಕ ಸಂದೇಶ ಕಳುಹಿಸುವ ಯಂತ್ರಗಳನ್ನು ಅಳವಡಿಸುವ ಯೋಜನೆಯನ್ನು ಕೇಂದ್ರ ಸರಕಾರವು 2024ರ ಆಗಸ್ಟಿನಲ್ಲಿ ಆರಂಭಿಸಿತು. ಈ ಕಾರ್ಯವು ಕಾಗದದಲ್ಲಿ ನಿಲ್ಲದೆ ಅತಿ ಬಡವನ ದೋಣಿಯವರೆಗೂ ತಲುಪಬೇಕು. ಆ ಯಂತ್ರದ ಕರೆಗೆ ಓಗೊಡಲು ದಡದಲ್ಲಿ ರಾತ್ರಿಯೂ ಎಚ್ಚರಿರುವವರು ಬೇಕು. ಕಡಲಿನಲ್ಲಿ ನಡೆದ ಪ್ರತಿಯೊಂದು ದುರಂತದ ವಿಚಾರಣೆಯು ಗೊತ್ತಾದ ಅವಧಿಯಲ್ಲಿ ಮುಗಿದು, ಅದರ ವರದಿಯು ಸಂತ್ರಸ್ತರಿಗೆ ತಿಳಿಯುವ ಭಾಷೆಯಲ್ಲಿ, ನಮ್ಮಲ್ಲಿ ಕನ್ನಡದಲ್ಲಿ, ಬಹಿರಂಗವಾಗಬೇಕು. ತಪ್ಪಿತಸ್ಥರು ಎಷ್ಟೇ ದೊಡ್ಡವರಾಗಿರಲಿ, ಕಡಲಿನ ಹೆಸರಿನ ಹಿಂದೆ ಅವರಿಗೆ ಆಶ್ರಯ ದೊರೆಯಕೂಡದು.

ಕಡಲಿಗೆ ನಾಲಿಗೆಯಿಲ್ಲ, ಅದರ ಮೇಲೆ ಎಂಥ ಅಪವಾದವನ್ನು ಹೊರಿಸಿದರೂ ಅದು ಎದುರಾಡದು. ಹೊಣೆಗೇಡಿಗಳಿಗೆ ಇಂಥ ಅನುಕೂಲದ ಆರೋಪಿ ಬೇರೊಬ್ಬನಿಲ್ಲ. ಮಡಿದವರನ್ನು ದಂತಕಥೆಯಾಗಿಸಿ ಸುಮ್ಮನಾಗುವುದು ಅಡಿಯಾಳು ಜನಾಂಗದ ರೂಢಿ. ಅವರ ಲೆಕ್ಕವನ್ನು ಕೇಳಿ ಪಡೆಯುವುದು ಸ್ವತಂತ್ರ ಪ್ರಜೆಗಳ ಧರ್ಮ.