ಡಾಕ್ಟರಲ್ಲದ ಶಸ್ತ್ರವೈದ್ಯರು

ಹೆರಿಗೆ ಕಷ್ಟವಾಗಿದೆ, ಶಿಶು ಗರ್ಭದಲ್ಲಿ ಅಡ್ಡವಾಗಿದೆ. ಶಸ್ತ್ರಕ್ರಿಯೆ ಮಾಡಬಲ್ಲ ಡಾಕ್ಟರಿರುವುದು ನೂರಾರು ಮೈಲಿ ದೂರದ ರಾಜಧಾನಿಯಲ್ಲಿ. ಅಂತಹ ವೇಳೆಯಲ್ಲಿ ಡಾಕ್ಟರಲ್ಲದವನೊಬ್ಬ ಕತ್ತಿ ಹಿಡಿಯಬಹುದೆ? ನಗರವಾಸಿಯಾದ ಗೃಹಸ್ಥನು ಈ ಮಾತು ಕೇಳಿದೊಡನೆಯೇ ಬೆಚ್ಚಿ, ಕೂಡದೆಂದಾನು. ಆಫ್ರಿಕದ ಪೂರ್ವ ಕರಾವಳಿಯ ಮೊಜಾಂಬಿಕ್ ದೇಶಕ್ಕೆ ಹಾಗೆನ್ನುವ ಅನುಕೂಲವಿರಲಿಲ್ಲ.

1975ರಲ್ಲಿ ಆ ದೇಶ ಸ್ವತಂತ್ರವಾದಾಗ ಪೋರ್ಚುಗೀಸರೊಡನೆ ಅಲ್ಲಿನ ಬಹುಪಾಲು ವೈದ್ಯರೂ ಹೊರಟುಹೋದರು. ಬೆನ್ನಿಗೇ ಅಂತರ್ಯುದ್ಧ. ಕಡೆಗೆ 1984ರಲ್ಲಿ ಸರ್ಕಾರವು ಆಸ್ಪತ್ರೆಗಳಲ್ಲಿ ದುಡಿದು ನುರಿತಿದ್ದ ಸಹಾಯಕರನ್ನು ಆರಿಸಿ ಶಸ್ತ್ರಚಿಕಿತ್ಸೆಯ ಶಿಕ್ಷಣ ಕೊಡತೊಡಗಿತು. ಮಪುಟೊ ನಗರದ ದೊಡ್ಡಾಸ್ಪತ್ರೆಯಲ್ಲಿ ಎರಡು ವರ್ಷ, ಪ್ರಾಂತದ ಆಸ್ಪತ್ರೆಯೊಂದರಲ್ಲಿ ಒಂದು ವರ್ಷ, ಅಷ್ಟೇ ವ್ಯಾಸಂಗ.

ಫಲವೇನಾಯಿತೆಂದು ಪರೀಕ್ಷಿಸಿದವರೂ ಉಂಟು. 1996ರಲ್ಲಿ ಪ್ರಕಟವಾದ ಅಧ್ಯಯನವೊಂದು ಮಪುಟೊ ಆಸ್ಪತ್ರೆಯಲ್ಲಿ ನಡೆದ 2,071 ಸಿಸೇರಿಯನ್ ಹೆರಿಗೆಗಳನ್ನು ತೂಗಿ ನೋಡಿತು. ಇವುಗಳಲ್ಲಿ 958 ಈ ಸಹಾಯಕರ ಕೈಯಿಂದಾದವು. ಮಿಕ್ಕವು ಪ್ರಸೂತಿ ತಜ್ಞರವು. ಹೊಲಿಗೆಯ ಗಾಯ ಮೇಲ್ಮೈಯಲ್ಲಿ ಬಿಚ್ಚಿಕೊಳ್ಳುವುದು ಸಹಾಯಕರಲ್ಲಿ ತುಸು ಹೆಚ್ಚಾಗಿತ್ತೆಂಬುದನ್ನು ಬಿಟ್ಟರೆ ಗಣನೀಯವಾದ ಅಂತರ ಕಾಣಲಿಲ್ಲ. ಆದರೆ ಅದು ರಾಜಧಾನಿಯ ಆಸ್ಪತ್ರೆ ಎಂಬುದನ್ನು ಮರೆಯಲಾಗದು. ಕೈ ತಡವರಿಸಿದರೆ ಕೂಗಿ ಕರೆಯಲು ಅಲ್ಲಿ ತಜ್ಞರಿದ್ದರು. ಜಿಲ್ಲೆಯ ಆಸ್ಪತ್ರೆಯಲ್ಲಿ ಆ ಆಸರೆ ಎಲ್ಲಿಯದು?

ಆದರೂ ಜಿಲ್ಲೆಗಳ ಹೊರೆ ಹೊತ್ತವರು ಇವರೇ. 2002ರಲ್ಲಿ ಜಿಲ್ಲಾ ಆಸ್ಪತ್ರೆಗಳಲ್ಲಿ ನಡೆದ ದೊಡ್ಡ ಪ್ರಸೂತಿ ಶಸ್ತ್ರಕ್ರಿಯೆಗಳಲ್ಲಿ ನೂರಕ್ಕೆ 92 ಇವರು ಮಾಡಿದವು. ಇದಕ್ಕಿಂತಲೂ ಬೆರಗಿನ ಸಂಗತಿ ಇನ್ನೊಂದಿದೆ. ಶಿಕ್ಷಣ ಮುಗಿದ ಏಳು ವರ್ಷಗಳ ತರುವಾಯ ವಿಚಾರಿಸಿದಾಗ, ಇವರಲ್ಲಿ ನೂರಕ್ಕೆ 88 ಮಂದಿ ಜಿಲ್ಲಾ ಆಸ್ಪತ್ರೆಗಳಲ್ಲಿಯೇ ಇದ್ದರು. ಅಲ್ಲಿಗೆ ನೇಮಕಗೊಂಡಿದ್ದ ಡಾಕ್ಟರರ ಪೈಕಿ ಒಬ್ಬರೂ ಉಳಿದಿರಲಿಲ್ಲ! ಇದನ್ನು ಬರಿಯ ತ್ಯಾಗವೆಂದು ಹೊಗಳುವುದು ಸರಿಯಾಗದು. ಇವರ ಪ್ರಮಾಣಪತ್ರಕ್ಕೆ ಹೊರದೇಶದಲ್ಲಿ ಬೆಲೆಯಿರಲಿಲ್ಲ, ಹೋಗುವುದಾದರೂ ಎಲ್ಲಿಗೆ? ಡಾಕ್ಟರನ ಕೆಲಸವನ್ನು ಹೊರಿಸಿ, ಡಾಕ್ಟರನ ಮರ್ಯಾದೆಯನ್ನೂ ಸಂಬಳವನ್ನೂ ಕೊಡದಿರುವುದು ಸರ್ಕಾರಕ್ಕೆ ಲಾಭದ ವ್ಯಾಪಾರವೇ ಸರಿ.

ನಮ್ಮ ದೇಶಕ್ಕೂ ಈ ಪ್ರಶ್ನೆ ಹೊಸತಲ್ಲ. ಪದವಿಯಿಲ್ಲದಿದ್ದರೂ ಲೈಸೆನ್ಸು ಪಡೆದ ಎಲ್.ಎಂ.ಪಿ. ಡಾಕ್ಟರರ ಹೆಸರನ್ನು ಹಳಬರು ಇಂದಿಗೂ ನೆನೆಯುತ್ತಾರೆ. ಬ್ರಿಟಿಷರ ಆಳ್ವಿಕೆಯ ಕೊನೆಯ ವರ್ಷಗಳಲ್ಲಿ ನೋಂದಾಯಿತ ವೈದ್ಯರಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಅಂಥವರೇ. ಅವರದು ಅಲ್ಪಾವಧಿಯ ಶಿಕ್ಷಣ, ಇನ್ನು ಮುಂದೆ ಪೂರ್ಣ ಪದವೀಧರರೇ ಬೇಕೆಂದು 1946ರಲ್ಲಿ ಭೋರ್ ಸಮಿತಿಯ ಬಹುಮತ ಸಲಹೆ ಮಾಡಿತು. ವೈದ್ಯರೇ ಸಾಲದ ನಾಡಿನಲ್ಲಿ ಇದು ಸಲ್ಲದೆಂದು ಅದೇ ಸಮಿತಿಯ ಕೆಲವು ಸದಸ್ಯರು ಭಿನ್ನಮತವನ್ನು ಬರೆದಿಟ್ಟರು. ಗೆದ್ದದ್ದು ಬಹುಮತ, ಎಲ್.ಎಂ.ಪಿ. ಶಾಲೆಗಳು ಕ್ರಮೇಣ ಮುಚ್ಚಿದವು.