ಒಂದಕ್ಷರದ ವ್ಯತ್ಯಾಸ

1952ರಲ್ಲಿ ಹರ್ಮನ್ ಲೇಮನ್ ಮತ್ತು ಮೇರಿ ಕಟ್‌ಬುಷ್ ಎಂಬ ಸಂಶೋಧಕರು ನೀಲಗಿರಿಯ ಗಿರಿಜನರ ರಕ್ತವನ್ನು ಪರೀಕ್ಷಿಸಿ ಒಂದು ವರದಿಯನ್ನು ಪ್ರಕಟಿಸಿದರು. ಆಫ್ರಿಕಾ ಮೂಲದವರಿಗೆ ಸೇರಿದ್ದೆಂದು ಬಹುಮಟ್ಟಿಗೆ ತಿಳಿಯಲಾಗಿದ್ದ ಕುಡುಗೋಲು ಕಣದ ಗುಣ, ಅಂದರೆ ಸಿಕಲ್ ಸೆಲ್ ಗುಣ, ಈ ಬೆಟ್ಟಗಳಲ್ಲಿಯೂ ಇದೆಯೆಂದು ಅದರಿಂದ ತಿಳಿದುಬಂತು. ನೆರೆಯ ವಯನಾಡಿನ ಪಣಿಯ, ಅಡಿಯ, ಕುರುಮ ಸಮುದಾಯಗಳಲ್ಲಿಯೂ ವಯನಾಡನ್ ಚೆಟ್ಟಿಯವರಲ್ಲಿಯೂ ಇದು ಕಂಡುಬಂದಿದೆ. ಆದುದರಿಂದ ಗಡಿನಾಡಿನ ಶಾಲಾಮಕ್ಕಳ ಮನೆಗಳಿಗೆ ಇದು ದೂರದ ದೇಶದ ಕಥೆಯಲ್ಲ.

ರಕ್ತಕ್ಕೆ ಕೆಂಪು ಬಣ್ಣವನ್ನು ಕೊಡುವ ಹಿಮೋಗ್ಲೋಬಿನ್ನಿನ ಬೀಟಾ ಸರಪಳಿಯಲ್ಲಿ 146 ಅಮೈನೋ ಆಮ್ಲಗಳು ಸಾಲಾಗಿ ಪೋಣಿಸಿಕೊಂಡಿವೆ. ಆರನೆಯ ಸ್ಥಾನದಲ್ಲಿ ಗ್ಲುಟಾಮಿಕ್ ಆಮ್ಲದ ಬದಲು ವ್ಯಾಲೀನ್ ಬಂದು ಕುಳಿತರೆ ಸಾಕು, ಆಮ್ಲಜನಕ ಕಡಿಮೆಯಾದಾಗ ಹಿಮೋಗ್ಲೋಬಿನ್ ಅಣುಗಳು ಒಂದಕ್ಕೊಂದು ಅಂಟಿಕೊಂಡು ಉದ್ದನೆಯ ಎಳೆಗಳಾಗುತ್ತವೆ. ದುಂಡಗಿನ ಕಣವು ಕುಡುಗೋಲಿನಂತೆ ಬಾಗುತ್ತದೆ. 1956ರಲ್ಲಿ ಕೇಂಬ್ರಿಜ್‌ನಲ್ಲಿ ವರ್ನನ್ ಇಂಗ್ರಾಂ ಈ ವ್ಯತ್ಯಾಸದ ನೆಲೆಯನ್ನು ಗುರುತಿಸಿದರು. ವಂಶವಾಹಿಯ ಬರಹದಲ್ಲಿ ಇದು ಕೇವಲ ಒಂದಕ್ಷರದ ಬದಲಾವಣೆ. ಸಾಮಾನ್ಯ ಕಣವು ಸುಮಾರು 120 ದಿನ ಬಾಳಿದರೆ ಬಾಗಿದ ಕಣವು ಹತ್ತಿಪ್ಪತ್ತು ದಿನಗಳಲ್ಲೇ ನಾಶವಾಗುತ್ತದೆ. ರಕ್ತಹೀನತೆ ಬರುವುದು ಹೀಗೆ. ಬಾಗಿದ ಕಣಗಳು ಕಿರುನಾಳಗಳಲ್ಲಿ ಸಿಲುಕಿ ಹರಿವನ್ನು ತಡೆದಾಗ ಮೂಳೆ, ಎದೆ, ಹೊಟ್ಟೆಗಳಲ್ಲಿ ಅಸಹನೀಯ ನೋವು ಹುಟ್ಟುತ್ತದೆ.

ಇಂತಹ ದೋಷ ತಲೆಮಾರುಗಳ ಉದ್ದಕ್ಕೂ ಅಳಿಯದೆ ಉಳಿದುದೇಕೆ? ಒಂದೇ ಪ್ರತಿ ಇರುವವರನ್ನು ಅದು ಮಾರಕ ಮಲೇರಿಯಾದಿಂದ ಬಹುಮಟ್ಟಿಗೆ ಕಾಪಾಡುತ್ತದೆಯೆಂದು ಆಂಟನಿ ಆಲಿಸನ್ 1954ರಲ್ಲಿ ತೋರಿಸಿದರು. ಚಳಿಜ್ವರಕ್ಕೆ ಹೆಸರಾಗಿದ್ದ ವಯನಾಡಿನ ಕಾಡುಗಳಲ್ಲಿ ಅದೊಂದು ಕವಚವೇ ಆಗಿದ್ದಿರಬೇಕು.

ಪ್ರತಿಯೊಬ್ಬರಲ್ಲಿಯೂ ಈ ವಂಶವಾಹಿಯ ಎರಡು ಪ್ರತಿಗಳಿವೆ, ತಂದೆಯಿಂದ ಒಂದು, ತಾಯಿಯಿಂದ ಒಂದು. ಒಂದು ಮಾತ್ರ ಬದಲಾಗಿದ್ದರೆ ಆ ವ್ಯಕ್ತಿ ವಾಹಕ, ಸಾಮಾನ್ಯವಾಗಿ ಆರೋಗ್ಯವಂತ. ಎರಡೂ ಬದಲಾಗಿದ್ದರೆ ರೋಗ. ತಂದೆತಾಯಿ ಇಬ್ಬರೂ ವಾಹಕರಾದರೆ ಮಗುವಿಗೆ ರೋಗ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಪ್ರೌಢಶಾಲೆಯಲ್ಲಿ ಮೆಂಡಲನ ಬಟಾಣಿ ಗಿಡಗಳಿಗಾಗಿ ಬರೆಯುವ ಚೌಕವೇ ಇದು. ಆದರೆ ಈ ಲೆಕ್ಕವನ್ನು ತಪ್ಪಾಗಿ ಓದುವವರೇ ಹೆಚ್ಚು. ಮೊದಲನೆಯ ಮಗುವಿಗೆ ರೋಗ ಬಂತು, ಇನ್ನು ಮೂವರಿಗೆ ಭಯವಿಲ್ಲ ಎಂದು ಇದರರ್ಥವಲ್ಲ. ಪ್ರತಿ ಗರ್ಭದಲ್ಲಿಯೂ ನಾಣ್ಯ ಹೊಸದಾಗಿಯೇ ಚಿಮ್ಮುತ್ತದೆ. ಇನ್ನು ಸೊಸೆಯೊಬ್ಬಳನ್ನೇ ದೂರುವುದಂತೂ ಗಣಿತಕ್ಕೂ ನ್ಯಾಯಕ್ಕೂ ವಿರುದ್ಧ. ತಂದೆಯ ಪ್ರತಿಯಿಲ್ಲದೆ ಈ ರೋಗ ಪೂರ್ಣವಾಗುವುದಿಲ್ಲ.

ಭಾರತ ಸರಕಾರವು 2023ರ ಜುಲೈ 1ರಂದು, 2047ರೊಳಗೆ ಈ ರೋಗವನ್ನು ನಿರ್ಮೂಲಗೊಳಿಸುವ ರಾಷ್ಟ್ರೀಯ ಅಭಿಯಾನವನ್ನು ಆರಂಭಿಸಿ, ನಲವತ್ತು ವರ್ಷದೊಳಗಿನ ಏಳು ಕೋಟಿ ಜನರ ತಪಾಸಣೆಯ ಗುರಿಯಿಟ್ಟಿತು. ತಪಾಸಣೆಯಲ್ಲಿ ಬಳಸುವ ಕರಗುವಿಕೆಯ ಸರಳ ಪರೀಕ್ಷೆಯು ವಾಹಕರನ್ನೂ ರೋಗಿಗಳನ್ನೂ ಬೇರ್ಪಡಿಸಿ ಹೇಳಲಾರದು. ಅದರಲ್ಲಿ ಗುಣವಿದೆಯೆಂದು ಬಂದರೆ ಎಲೆಕ್ಟ್ರೋಫೊರೆಸಿಸ್ ಅಥವಾ ಎಚ್‌ಪಿಎಲ್‌ಸಿ ಪರೀಕ್ಷೆಯನ್ನು ಕೇಳಿ ಮಾಡಿಸಿಕೊಳ್ಳಬೇಕು. ಮೊದಲ ಚೀಟಿಯನ್ನೇ ನೋಡಿ ಹೆಣ್ಣುಮಗಳ ಸಂಬಂಧವನ್ನು ಮುರಿಯುವುದು ದುಡುಕು. ವಾಹಕಳೊಬ್ಬಳು ವಾಹಕನಲ್ಲದವನನ್ನು ವರಿಸಿದರೆ, ಆತನಲ್ಲಿ ತಲಸೇಮಿಯಾದಂತಹ ಬೇರೆ ಹಿಮೋಗ್ಲೋಬಿನ್ ದೋಷವೂ ಇಲ್ಲದಿದ್ದರೆ, ಮಕ್ಕಳಿಗೆ ಈ ರೋಗ ಬರುವುದಿಲ್ಲ.

ರೋಗವಿರುವ ಮಗು ತರಗತಿಯಲ್ಲಿ ಇತರರಂತೆಯೇ ಕಾಣುತ್ತದೆ. ಆಟದ ಪಿರಿಯಡ್ಡಿನಲ್ಲಿ ಬೇಗ ದಣಿದರೆ, ತಿಂಗಳಿಗೆರಡು ಸಲ ಕಾಲುನೋವೆಂದು ರಜೆ ಕೇಳಿದರೆ ಅದನ್ನು ಸೋಮಾರಿತನವೆಂದು ಬಗೆಯಬಾರದು. ಅಂತಹ ಮಗುವಿಗೆ ನೀರು ಕುಡಿಯಲು, ಶೌಚಾಲಯಕ್ಕೆ ಹೋಗಲು ಪಾಠದ ನಡುವೆಯೂ ಅನುಮತಿ ಬೇಕು; ಚಳಿಯ ದಿನಗಳಲ್ಲಿ ಸ್ವೆಟರ್ ಬೇಕು. ಜ್ವರವೋ ಎದೆನೋವೋ ಕಂಡರೆ ಸಂಜೆಯ ಗಂಟೆಗೆ ಕಾಯದೆ ಆಸ್ಪತ್ರೆಗೆ ಕರೆದೊಯ್ಯಬೇಕು.