ಹಾಡು ಬರೆದವರ ಹೆಸರು

ಕನ್ನಡ ಚಲನಚಿತ್ರದ ಇತಿಹಾಸವನ್ನು ಹೇಳಹೊರಟವರಿಗೆ ನಟರ, ನಿರ್ದೇಶಕರ, ಗಾಯಕರ ಹೆಸರುಗಳು ತಾವಾಗಿಯೇ ನಾಲಗೆಯ ಮೇಲೆ ಬರುತ್ತವೆ. ಅವರ ಬಾಯಿಗೆ ಮಾತನ್ನೂ ಕಂಠಕ್ಕೆ ಪದವನ್ನೂ ಒದಗಿಸಿದವರ ಹೆಸರು ಮಾತ್ರ ಹಿಂದೆ ಉಳಿಯುತ್ತದೆ. ಈ ಮರೆವಿಗೆ ಮೊದಲು ಗುರಿಯಾದವರು ಕನ್ನಡದ ಮೊದಲ ಚಿತ್ರಗೀತಕಾರರಾದ ಬೆಳ್ಳಾವೆ ನರಹರಿ ಶಾಸ್ತ್ರಿಗಳು (೧೮೮೨-೧೯೬೧).

ತುಮಕೂರು ಜಿಲ್ಲೆಯ ಬೆಳ್ಳಾವಿಯ ಹೆಸರನ್ನು ಹೊತ್ತ ಶಾಸ್ತ್ರಿಗಳು ಜನರಿಗೆ ಪರಿಚಿತರಾದುದು ರಂಗಭೂಮಿಯಿಂದ. ಗುಬ್ಬಿ ಕಂಪನಿಯು ಆಡಿ ಮನೆಮಾತು ಮಾಡಿದ ‘ಕೃಷ್ಣಲೀಲಾ’ ಅವರ ನಾಟಕ. ಅಂದಿನ ಕಂಪನಿ ನಾಟಕವೆಂದರೆ ಅರ್ಧ ಸಂಗೀತ ಕಚೇರಿಯೇ ಸರಿ. ಧ್ವನಿವರ್ಧಕವಿಲ್ಲದ ಡೇರೆಯಲ್ಲಿ ಹಾಡು ಕೊನೆಯ ಸಾಲಿನ ಪ್ರೇಕ್ಷಕನಿಗೂ ಮುಟ್ಟಬೇಕು. ‘ಒನ್ಸ್ ಮೋರ್’ ಎಂಬ ಕೂಗೆದ್ದರೆ ನಟನು ಅದನ್ನೇ ಮತ್ತೊಮ್ಮೆ ಹಾಡಬೇಕು. ಪಾರಸಿ ನಾಟಕಗಳಿಂದಲೂ ಮರಾಠಿ ನಾಟ್ಯಗೀತೆಗಳಿಂದಲೂ ಬಂದ ಮಟ್ಟುಗಳು ಎಷ್ಟೋ ವೇಳೆ ಮೊದಲೇ ಸಿದ್ಧವಾಗಿರುತ್ತಿದ್ದವು. ಕವಿಯು ಅವುಗಳೊಳಗೆ ಕನ್ನಡವನ್ನು ಕೂರಿಸಬೇಕು, ಪ್ರಾಸ ಕೆಡಬಾರದು, ಸ್ವರವನ್ನು ಎಳೆಯುವಲ್ಲಿ ದೀರ್ಘಾಕ್ಷರ ಬೀಳಬೇಕು, ನಟನ ಉಸಿರು ನಿಲ್ಲುವಲ್ಲಿ ಪದವೂ ನಿಲ್ಲಬೇಕು.

ಮಟ್ಟಿಗೆ ಪದ ತುಂಬುವುದು ಕಾವ್ಯವಲ್ಲವೆಂದು ಮೂಗು ಮುರಿಯುವವರುಂಟು. ಆ ಹಾಡುಗಳಲ್ಲಿ ಕೆಲವು ಜೊಳ್ಳು ಇದ್ದುದೂ ನಿಜ. ಆದರೆ ಅಕ್ಷರ ಬಲ್ಲವರೇ ವಿರಳವಾಗಿದ್ದ ಆ ದಿನಗಳಲ್ಲಿ ಪುಸ್ತಕ ತಲುಪಲಾರದ ಮನೆಗಳಿಗೆ ಕನ್ನಡದ ನುಡಿಗಟ್ಟನ್ನು ಮುಟ್ಟಿಸಿದುದು ನಾಟಕದ ಹಾಡು. ಗದ್ದೆಯಲ್ಲಿ, ಬೀಸುವ ಕಲ್ಲಿನ ಮುಂದೆ ಹಾಡಿಕೊಂಡವರು ಛಂದಸ್ಸಿನ ಲಕ್ಷಣವನ್ನು ಕೇಳಲಿಲ್ಲ. ಅವರ ಬಾಯಲ್ಲಿ ನಿಂತ ಪದಕ್ಕೆ ಪಂಡಿತರ ಅಪ್ಪಣೆ ಬೇಕಾಗಿರಲಿಲ್ಲ.

ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ ತೆರೆ ಕಂಡುದು ೧೯೩೪ರ ಮಾರ್ಚ್ ೩ರಂದು. ವೈ. ವಿ. ರಾವ್ ಅದರ ನಿರ್ದೇಶಕರು, ಸುಬ್ಬಯ್ಯನಾಯ್ಡು, ಆರ್. ನಾಗೇಂದ್ರರಾಯರು, ತ್ರಿಪುರಾಂಬ ಮುಖ್ಯ ಪಾತ್ರಧಾರಿಗಳು. ಸಂಭಾಷಣೆಯೂ ಹಾಡುಗಳೂ ಶಾಸ್ತ್ರಿಗಳವು. ಹಿನ್ನೆಲೆ ಗಾಯನದ ಪದ್ಧತಿ ಆಗಿನ್ನೂ ಬಂದಿರಲಿಲ್ಲ. ಕ್ಯಾಮೆರಾದ ಎದುರು ನಿಂತ ನಟನೇ ಹಾಡಬೇಕಾಗಿತ್ತು. ಹೀಗಾಗಿ ರಂಗದಲ್ಲಿ ಪಳಗಿದ ಕವಿಯ ಅಗತ್ಯ ಚಿತ್ರಕ್ಕೂ ಬಿತ್ತು.

ಆ ಚಿತ್ರ ತಯಾರಾದುದು ಕೊಲ್ಲಾಪುರದಲ್ಲಿ ಎಂಬುದು ಮುಂಬಯಿ, ಪುಣೆಗಳ ಕನ್ನಡಿಗರು ಗಮನಿಸತಕ್ಕ ಸಂಗತಿ. ಮುಂದೆ ಹಲವು ದಶಕಗಳ ಕಾಲ ಕನ್ನಡ ಚಿತ್ರಗೀತೆ ಹೆಚ್ಚಾಗಿ ಮದರಾಸಿನಲ್ಲಿ ಹುಟ್ಟಿತು. ನಾಡಿನ ಹೊರಗೆ ಕುಳಿತು ಕನ್ನಡವನ್ನು ಕಟ್ಟುವ ಕೆಲಸಕ್ಕೆ ಇಷ್ಟು ಹಳೆಯ ಪರಂಪರೆಯಿದೆ. ಹೊರನಾಡಿನ ಸಂಘಗಳು ತಮ್ಮನ್ನು ಕನ್ನಡದ ಅಂಚಿನವರೆಂದು ಭಾವಿಸಬೇಕಾದ ಕಾರಣವಿಲ್ಲ.

ಇಂದು ‘ಸತಿ ಸುಲೋಚನ’ದ ಒಂದು ಪ್ರತಿಯೂ ಲಭ್ಯವಿಲ್ಲ. ರೀಲು ಅಳಿದ ಮೇಲೆ ನಟನೆಯೂ ಕಂಠವೂ ಅದರೊಡನೆ ಹೋದವು. ಇಂಥ ಕಲೆಯಲ್ಲಿ ಕಾಲವನ್ನು ದಾಟಬಲ್ಲುದು ಕಾಗದದ ಮೇಲಿನ ಅಕ್ಷರ ಮತ್ತು ಜನರ ನೆನಪು, ಇವೆರಡೇ. ಚಿತ್ರಮಂದಿರದಲ್ಲೂ ನಾಟಕದ ಡೇರೆಯಲ್ಲೂ ಕಾಸಿಗೆ ಮಾರುತ್ತಿದ್ದ ಹಾಡಿನ ಪುಸ್ತಕಗಳನ್ನು ಹಳೆಯ ಕಾಗದವೆಂದು ರದ್ದಿಗೆ ಹಾಕುವ ಮನೆಗಳು ಇದನ್ನು ಯೋಚಿಸಬೇಕು.

ಮಹಾನಗರದ ಸಂಘಗಳಲ್ಲಿ ರಾಜ್ಯೋತ್ಸವದಂದು ಮಕ್ಕಳು ಚಿತ್ರಗೀತೆ, ರಂಗಗೀತೆಗಳನ್ನು ಹಾಡುತ್ತಾರೆ. ಅನೇಕರ ಕೈಯಲ್ಲಿರುವ ಚೀಟಿಯಲ್ಲಿ ಹಾಡು ಬೇರೆ ಲಿಪಿಯಲ್ಲಿರುತ್ತದೆ. ರಾಗ ಬರುತ್ತದೆ, ಪದದ ಅರ್ಥ ಬರುವುದಿಲ್ಲ. ನಿರೂಪಕರು ಚಿತ್ರದ ಹೆಸರನ್ನೂ ನಾಯಕನ ಹೆಸರನ್ನೂ ಹೇಳಿ ಮುಗಿಸುತ್ತಾರೆ. ಮಗು ಹಾಡುವುದೇ ದೊಡ್ಡದೆಂದು ತೃಪ್ತರಾದರೆ ಮುಂದಿನ ತಲೆಮಾರಿಗೆ ಉಳಿಯುವುದು ಧಾಟಿ ಮಾತ್ರ, ಭಾಷೆಯಲ್ಲ.

ಸಂಘಗಳು ಮೂರು ಕೆಲಸಗಳನ್ನು ಕೈಗೊಳ್ಳಬಹುದು. ಪ್ರತಿ ಹಾಡಿಗೂ ಮುನ್ನ ಬರೆದವರ ಹೆಸರು ಹೇಳುವುದು. ಹಾಡುವ ಮಗುವಿಗೆ ಆ ಹಾಡನ್ನು ಕನ್ನಡ ಲಿಪಿಯಲ್ಲಿ ಓದಿಸಿ ಅರ್ಥ ತಿಳಿಸುವುದು. ಸದಸ್ಯರ ಮನೆಗಳ ಪೆಟ್ಟಿಗೆಗಳಲ್ಲಿರುವ ಹಳೆಯ ಹಾಡಿನ ಪುಸ್ತಕಗಳನ್ನು ಸಂಘದ ಪುಸ್ತಕಾಲಯಕ್ಕೆ ಕೂಡಿಸುವುದು. ಇವಕ್ಕೆ ಹೆಚ್ಚಿನ ಹಣ ಬೇಕಿಲ್ಲ. ಆದರೆ ಹಳೆಯ ರಂಗಗೀತೆಗಳನ್ನು ಬಾಯಿಪಾಠವಾಗಿ ಬಲ್ಲ ಹಿರಿಯರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿರುವುದರಿಂದ ಮೂರನೆಯ ಕೆಲಸವನ್ನು ಈ ವರ್ಷವೇ ಆರಂಭಿಸುವುದು ಲೇಸು.